ನೆಲ ಮುಟ್ಟಿದ ಮೇಲೂ ವಿಮಾನ ಮಗುಚುವುದು ಹೇಗೆ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ವಾಯುಪಡೆಯಲ್ಲಿ ಎಂಜಿನ್ ಫಿಟರ್ ಆಗಿದ್ದು, ನಿವೃತ್ತಿಯ ನಂತರ ಬೀದರ್‌ನಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ಸರ್, ನಾನು ಸೇಡಂ ತಾಲ್ಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ನನ್ನ ತಂಗಿಯ ಮಗ ಹೊರರಾಜ್ಯದಲ್ಲಿ ಕೆಲಸಕ್ಕಿದ್ದಾನೆ. ಅವನ ಕಂಪನಿಗೆ ಸ್ವಂತ ಏರ್‌ಸ್ಟ್ರಿಪ್ ಇದೆ. ಈಚೆಗೆ ಅಲ್ಲಿ ಸೆಸ್ನಾ 172 ಅನ್ನುವ ಸಣ್ಣ ವಿಮಾನ ಇಳಿಯುವಾಗ ಒಮ್ಮೆ ಪುಟಿಯಿತು. ಎಡಕ್ಕೆ ಎಳೆದುಕೊಂಡು ಹೋಗಿ, ಡಾಂಬರು ಬಿಟ್ಟು ಮಣ್ಣಿಗಿಳಿದು, ಮಗುಚಿ ಬಿತ್ತು. ಒಳಗಿದ್ದ ಇಬ್ಬರೂ ಬದುಕಿದ್ದಾರೆ, ಪೈಲಟ್‌ಗೆ ಭುಜದ ಮೂಳೆ ಮುರಿದಿದೆ. ಹುಡುಗ ಕಳಿಸಿದ ವಿಡಿಯೊವನ್ನು ಮತ್ತೆ ಮತ್ತೆ ನೋಡಿದೆ. ಹಿಂದೆ ಕಂಬದ ಮೇಲೆ ಕೆಂಪು ಬಿಳಿ ಪಟ್ಟೆಯ ಬಟ್ಟೆ ಚೀಲವೊಂದು ಉಬ್ಬಿಕೊಂಡು, ಎಡಗಡೆಯಿಂದ ಬಲಗಡೆಗೆ ನೆಟ್ಟಗೆ ಚಾಚಿತ್ತು. ನನ್ನ ಪ್ರಶ್ನೆ ಇಷ್ಟೇ. ಚಕ್ರ ಆಗಲೇ ನೆಲ ಮುಟ್ಟಿತ್ತು. ಆಮೇಲೂ ಹೀಗಾಗುವುದು ಹೇಗೆ? ನೋಡಿದವರೆಲ್ಲ ಪೈಲಟ್‌ಗೆ ಓಡಿಸಲು ಬರುವುದಿಲ್ಲ ಅನ್ನುತ್ತಿದ್ದಾರೆ.

ಉತ್ತರ: ಟೀಚರ್, ವಿಡಿಯೊ ನೋಡಿದವರೆಲ್ಲ ವಿಮಾನ ನೋಡಿದ್ದಾರೆ, ನೀವು ಚೀಲ ನೋಡಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ಅದು ಗಾಳಿಚೀಲ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿದೆ ಅಂತ ಪೈಲಟ್‌ಗೆ ಮೇಲಿನಿಂದಲೇ ಕಾಣಲಿ ಅಂತ ಕಟ್ಟಿರುತ್ತಾರೆ. ಸಾಮಾನ್ಯ ಅಳತೆಯ ಚೀಲ ಪೂರ್ತಿ ಉಬ್ಬಿ ನೆಟ್ಟಗೆ ನಿಂತರೆ ಗಾಳಿ ಕನಿಷ್ಠ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಇದೆ ಅಂತ ಲೆಕ್ಕ. ಅದಕ್ಕಿಂತ ಎಷ್ಟು ಜಾಸ್ತಿ ಅಂತ ಚೀಲ ಹೇಳಲಾರದು. ಸೆಸ್ನಾ 172ರ ಕೈಪಿಡಿಯಲ್ಲಿ ಅಡ್ಡಗಾಳಿಗೆ ಕೊಟ್ಟಿರುವ ಅಂಕಿಯೂ 15 ನಾಟೇ. ಅದು ದಾಟಬಾರದು ಅಂತ ಎಳೆದ ಗೆರೆಯಲ್ಲ, ಕಂಪನಿಯ ಪರೀಕ್ಷಾ ಪೈಲಟ್ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದಾನೆ ಅಷ್ಟೇ. ಆದರೆ ಆ ಪೈಲಟ್ ಏನು, ನಮ್ಮ ನಿಮ್ಮಂಥವರ ಮಕ್ಕಳು ಏನು, ಅಲ್ವಾ?

ಈಗ ಚಕ್ರದ ವಿಷಯ. ಗಾಲಿ ನೆಲಕ್ಕೆ ತಾಗಿದ ಕೂಡಲೇ ವಿಮಾನ ಕಾರು ಆಗುವುದಿಲ್ಲ. ಸೆಸ್ನಾ 172 ಕೊನೆಯ ಹಂತದಲ್ಲಿ ಗಂಟೆಗೆ 110ರಿಂದ 130 ಕಿ.ಮೀ. ವೇಗದಲ್ಲಿ ಬರುತ್ತದೆ. ನೆಲ ಮುಟ್ಟುವಾಗ ಸುಮಾರು 90 ಇರುತ್ತದೆ. ಆ ವೇಗದಲ್ಲಿ ರೆಕ್ಕೆಗಳು ಇನ್ನೂ ಭಾರ ಹೊತ್ತಿರುತ್ತವೆ. ಒಂದು ಟನ್ನಿನಷ್ಟು ತೂಕದ ವಿಮಾನ ಟೈರಿನ ಮೇಲೆ ಪೂರ್ತಿ ಕೂತಿರುವುದಿಲ್ಲ. ಹಾಗಾಗಿ ಬ್ರೇಕ್ ಹಿಡಿಯುವುದಿಲ್ಲ, ಚಕ್ರ ತಿರುಗಿಸಿದರೂ ಪಟ್ಟು ಸಿಗುವುದಿಲ್ಲ. ಇತ್ತ ವೇಗ ಇಳಿಯುತ್ತಾ ಹೋದಂತೆ ಬಾಲದ ರಡ್ಡರ್, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಹಲಗೆಯ ಮೇಲೆ ಹಾಯುವ ಗಾಳಿ ಕಡಿಮೆಯಾಗಿ ಅದರ ಬಲವೂ ಸೋರುತ್ತದೆ. ಹಾರುವಾಗಿನ ಹಿಡಿತ ಹೋಗುತ್ತಿರುತ್ತದೆ, ನೆಲದ ಹಿಡಿತ ಇನ್ನೂ ಬಂದಿರುವುದಿಲ್ಲ. ಆ ಕೆಲವೇ ಸೆಕೆಂಡು ಅಡ್ಡಗಾಳಿಯ ಕೈಗೆ ಸಿಗುವ ಸಮಯ. ಹಿಂದೆ ಎದ್ದು ನಿಂತ ದೊಡ್ಡ ಬಾಲವನ್ನು ಎಡಗಡೆಯ ಗಾಳಿ ಬಲಕ್ಕೆ ತಳ್ಳುತ್ತದೆ, ಮೂಗು ಎಡಕ್ಕೆ ತಿರುಗುತ್ತದೆ. ನೀವು ನೋಡಿದ್ದು ಅದನ್ನೇ. ಅದರ ಮೇಲೆ ಪುಟಿತ ಬೇರೆ ಆಗಿದೆ. ಪುಟಿದ ವಿಮಾನ ಮತ್ತೆ ಗಾಳಿಗೆ ಏಳುತ್ತದೆ, ಗಾಳಿ ಅದನ್ನು ಪಕ್ಕಕ್ಕೆ ಸರಿಸುತ್ತದೆ, ಸರಿಯುತ್ತಲೇ ಎರಡನೇ ಸಲ ಕೂರುತ್ತದೆ.

ಪುಟಿಯುವುದಕ್ಕೆ ಸಾಮಾನ್ಯ ಕಾರಣ ಜಾಸ್ತಿ ವೇಗ. 60 ನಾಟ್‌ನಲ್ಲಿ ಬರಬೇಕಾದದ್ದು 70ರಲ್ಲಿ ಬಂದರೆ ವೇಗ ಆರನೇ ಒಂದು ಭಾಗ ಹೆಚ್ಚಿತು ಅನಿಸುತ್ತದೆ. ಆದರೆ ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದು ಶೇ 36ರಷ್ಟು ಹೆಚ್ಚುತ್ತದೆ. ನಿಮ್ಮ ಏಳನೇ ತರಗತಿ ಮಕ್ಕಳಿಗೆ ಗುಣಿಸಲು ಕೊಡಿ, ಬರುತ್ತದೆ.

ಇಷ್ಟಾದರೂ ಒಂದು ಮಾತು ಹೇಳುತ್ತೇನೆ. ಇಂಥ ಎಡಕ್ಕೆಳೆತ ತರಬೇತಿ ಶಾಲೆಗಳಲ್ಲಿ ತೀರಾ ಸಾಮಾನ್ಯ. ಹುಡುಗರು ಪುಟಿಸುತ್ತಾರೆ, ಎಳೆದಾಡುತ್ತಾರೆ, ಸರಿ ಮಾಡಿಕೊಳ್ಳುತ್ತಾರೆ, ಚಹಾ ಕುಡಿಯಲು ಹೋಗುತ್ತಾರೆ. ಸುದ್ದಿ ಆಗುವುದಿಲ್ಲ. ಯಾಕೆಂದರೆ ಅಲ್ಲಿ ಜಾಗ ಇರುತ್ತದೆ. ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ ಮೂರು ಕಿ.ಮೀ. ದಾಟುತ್ತದೆ, ಅಗಲ 45 ಮೀಟರ್. ಕಂಪನಿಗಳ ಸಣ್ಣ ಪಟ್ಟಿ, ಅಂದರೆ ಏರ್‌ಸ್ಟ್ರಿಪ್, 18 ಮೀಟರ್ ಅಗಲ ಇದ್ದರೂ ನಡೆಯುತ್ತದೆ. ಈಗ ಲೆಕ್ಕ ನೋಡಿ. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ವಿಮಾನ ನಡುಗೆರೆಯಿಂದ 10 ಡಿಗ್ರಿ ಓರೆಯಾಗಿ ಓಡಿತು ಅಂದುಕೊಳ್ಳಿ. ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ. 18 ಮೀಟರಿನ ಪಟ್ಟಿಯಲ್ಲಿ ಎರಡು ಸೆಕೆಂಡಿನೊಳಗೆ ಚಕ್ರ ಅಂಚು ದಾಟುತ್ತದೆ. 45 ಮೀಟರಿನ ರನ್‌ವೇಯಲ್ಲಿ ಸುಮಾರು ಐದು ಸೆಕೆಂಡು ಸಿಗುತ್ತದೆ. ಪೈಲಟ್ ಅದೇ, ಕೈ ಅದೇ, ತಪ್ಪೂ ಅದೇ. ಮೂರು ಸೆಕೆಂಡು ಹೆಚ್ಚು ಸಿಕ್ಕವನು ಚಹಾ ಕುಡಿಯುತ್ತಾನೆ, ಸಿಗದವನು ಆಸ್ಪತ್ರೆಯಲ್ಲಿರುತ್ತಾನೆ.

ಅಂಚು ದಾಟಿದ ಮೇಲೆ ಏನು ಅನ್ನುವುದೇ ಮಗುಚುವ ಕಥೆ. ಒಳ್ಳೆಯ ವಿಮಾನ ನಿಲ್ದಾಣದಲ್ಲಿ ರನ್‌ವೇಯ ಎರಡೂ ಪಕ್ಕ ನೆಲವನ್ನು ಸಮ ಮಾಡಿ, ಉರುಳುಗಲ್ಲಿನಿಂದ ಗಟ್ಟಿ ಮಾಡಿರುತ್ತಾರೆ. ವಿಮಾನ ಜಾರಿ ಹೋದರೂ ಓಡಿ ನಿಲ್ಲಲಿ ಅಂತ. ಖಾಸಗಿ ಪಟ್ಟಿಗಳಲ್ಲಿ ಡಾಂಬರಿಗೆ ದುಡ್ಡು ಹಾಕುತ್ತಾರೆ, ಪಕ್ಕದ ಮಣ್ಣಿಗೆ ಹಾಕುವಾಗ ಕೈ ಹಿಂದೆ ಬರುತ್ತದೆ. ಸೇಡಂ, ಚಿತ್ತಾಪುರ, ಶಹಾಪುರದ ಕಡೆಯವರಿಗೆ ಎರೆಮಣ್ಣಿನ ಗುಣ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಬೈಕ್ ತಿರುಗದ ಹಾಗೆ ಕಚ್ಚಿಕೊಳ್ಳುತ್ತದೆ. ಸಣ್ಣ ವಿಮಾನದ ಮುಂದಿನ ಚಕ್ರ ಚಿಕ್ಕದು, ಅದರ ಕಾಲು ತೆಳು. ಗಾಬರಿಯಲ್ಲಿ ಬ್ರೇಕ್ ತುಳಿದಾಗ ಭಾರವೆಲ್ಲ ಅದರ ಮೇಲೆ ಬರುತ್ತದೆ. ಅದು ಮಣ್ಣಿನಲ್ಲಿ ಹೂತರೆ ಹಿಂದಿನ ಮೈ ಬಂದ ವೇಗಕ್ಕೆ ಎದ್ದು ಮುಂದಕ್ಕೆ ಮಗುಚುತ್ತದೆ. ಗಂಟೆಗೆ 30, 40 ಕಿ.ಮೀ. ವೇಗವೂ ಇದಕ್ಕೆ ಸಾಕು. ಪ್ರಾಣ ಉಳಿಯುವುದೂ ಅದಕ್ಕೇ, ವೇಗ ಅಷ್ಟೊತ್ತಿಗೆ ಕಡಿಮೆಯಾಗಿರುತ್ತದೆ. ಭುಜದ ಪಟ್ಟಿ ಬಿಗಿದಿದ್ದರೆ ತಲೆ ಡ್ಯಾಶ್‌ಬೋರ್ಡಿಗೆ ಬಡಿಯುವುದಿಲ್ಲ.

ಇಂಥ ಸಣ್ಣ ಪಟ್ಟಿಗಳಿಗೆ ಇನ್ನೂ ಕೆಲವು ಕೊರತೆ ಇರುತ್ತವೆ. ಬಹಳ ಕಡೆ ಟವರ್ ಇಲ್ಲ. ‘ಈಗ ಗಾಳಿ ಇಷ್ಟು, ಈ ಕಡೆಯಿಂದ’ ಅಂತ ರೇಡಿಯೊದಲ್ಲಿ ಹೇಳುವವರಿಲ್ಲ. ಒಂದೇ ಪಟ್ಟಿ ಇರುವುದರಿಂದ ಗಾಳಿ ಅಡ್ಡ ಬಂದರೆ ಬೇರೆ ದಿಕ್ಕಿಲ್ಲ. ಪಟ್ಟಿಯ ತುದಿಯಾಚೆ ಯಾರದೋ ಹೊಲ, ಹೊಲದಲ್ಲಿ ಪಂಪ್‌ಸೆಟ್ಟಿನ ಲೈನ್. 2019ರ ಆಗಸ್ಟ್ 27ರಂದು ಉತ್ತರ ಪ್ರದೇಶದ ಅಲಿಗಢದ ಧನಿಪುರ ಏರ್‌ಸ್ಟ್ರಿಪ್‌ನಲ್ಲಿ ಇಳಿಯಲು ಬಂದ ಸಣ್ಣ ವಿಮಾನ ಕರೆಂಟಿನ ತಂತಿಗೆ ಸಿಕ್ಕಿ ಬಿದ್ದು ಉರಿದುಹೋಯಿತು. ಒಳಗಿದ್ದ ಆರೂ ಜನ ಪಾರಾದರು. 2023ರ ಜನವರಿಯಲ್ಲಿ ಮಧ್ಯಪ್ರದೇಶದ ರೀವಾದಲ್ಲಿ ತರಬೇತಿ ವಿಮಾನವೊಂದು ರಾತ್ರಿ ಮಂಜಿನಲ್ಲಿ ಏರ್‌ಸ್ಟ್ರಿಪ್ ಹತ್ತಿರದ ದೇವಸ್ಥಾನದ ಶಿಖರಕ್ಕೆ ಬಡಿಯಿತು. ಕಲಿಸುವ ಪೈಲಟ್ ತೀರಿಕೊಂಡರು.

ನಮ್ಮ ಭಾಗದ ಬಿಸಿಲಿನ ಮಾತು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿದ್ದರೆ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ವಿಮಾನಕ್ಕೆ ಅದು 5,000 ಅಡಿ ಎತ್ತರದ ಊರಿನಂತೆ ಅನಿಸುತ್ತದೆ. ವೇಗ ತೋರಿಸುವ ಮೀಟರಿನಲ್ಲಿ ಅದೇ ಅಂಕಿ, ಆದರೆ ನೆಲದ ಮೇಲಿನ ನಿಜವಾದ ವೇಗ ಶೇ 8ರಷ್ಟು ಜಾಸ್ತಿ. ಮಧ್ಯಾಹ್ನ ಸುಂಟರಗಾಳಿ ಏಳುವ ಹೊತ್ತಿನಲ್ಲಂತೂ ಸಣ್ಣ ವಿಮಾನ ಇಳಿಸುವುದು ಬೇಡವೇ ಬೇಡ. ಬೆಳಗ್ಗೆ ಇಳಿಸಲಿ, ಇಲ್ಲ ಸಂಜೆ ಇಳಿಸಲಿ. ಆದರೆ ‘ಸಾಹೇಬರ ಮೀಟಿಂಗ್ ಎರಡು ಗಂಟೆಗೆ’ ಅಂತ ಇರುತ್ತದೆ. ಈ ಎರಡು ಗಂಟೆಯ ಮೀಟಿಂಗು ಎಷ್ಟು ವಿಮಾನ ಮುರಿದಿದೆಯೋ, ಯಾವ ವರದಿಯಲ್ಲೂ ಬರುವುದಿಲ್ಲ.

 

ಇನ್ನು ಪೈಲಟ್‌ಗೆ ಬರುವುದಿಲ್ಲ ಅನ್ನುವ ಮಾತು. ನಾಗರಿಕ ವಿಮಾನಗಳ ಅಪಘಾತವನ್ನು ನಮ್ಮಲ್ಲಿ ಎಎಐಬಿ, ಅಂದರೆ ವಿಮಾನ ಅಪಘಾತ ತನಿಖಾ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು, ಯಾರ ತಲೆಗೂ ಕಟ್ಟುವುದಲ್ಲ ಅಂತ ನಿಯಮದಲ್ಲೇ ಬರೆದಿದೆ. ಪೈಲಟ್ ಆ ಗಾಳಿಯಲ್ಲಿ ಇಳಿಸಲು ಹೋದದ್ದು ಯಾಕೆ ಅಂತ ಅವರು ಖಂಡಿತ ಕೇಳುತ್ತಾರೆ, ಕೇಳಲೇಬೇಕು. ಆದರೆ ಡಾಂಬರಿನ ಅಂಚಿನಲ್ಲಿ ಎಷ್ಟು ಇಂಚು ಇಳಿಜಾರಿತ್ತು, ಮಣ್ಣು ಎಷ್ಟು ಮೆತ್ತಗಿತ್ತು ಅಂತಲೂ ಅಳೆಯುತ್ತಾರೆ. ನಿಮ್ಮ ತಂಗಿಯ ಮಗನಿಗೆ ಹೇಳಿ, ಆ ಅಂಚಿನ ಒಂದು ಫೋಟೊ ತೆಗೆದಿಡಲಿ. ಕಂಪನಿಯವರು ಮೊದಲು ಸರಿ ಮಾಡುವುದು ಆ ಅಂಚನ್ನೇ.

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕು. ಕಲಬುರಗಿಯಿಂದ ಏಳುವ ತರಬೇತಿ ವಿಮಾನಗಳು ದಿನಾ ನಮ್ಮ ತೊಗರಿ ಹೊಲದ ಮೇಲೆ ಸುತ್ತುತ್ತವೆ. ಒಂದು ವೇಳೆ ನಮ್ಮ ಹೊಲಕ್ಕೇ ಇಳಿದರೆ ನಾವೇನು ಮಾಡಬೇಕು? ಬೆಳೆ ಹಾಳಾದರೆ ಯಾರನ್ನು ಕೇಳಬೇಕು?

ಉತ್ತರ: ಗೌಡ್ರೇ, ಮೊದಲು 112ಕ್ಕೆ ಫೋನ್ ಮಾಡಿ. ಆಮೇಲೆ ಹತ್ತಿರ ಹೋಗಿ, ಆದರೆ ಮುಂದಿನಿಂದ ಹೋಗಬೇಡಿ. ಪ್ರೊಪೆಲ್ಲರ್, ಅಂದರೆ ಮುಂದಿನ ಫ್ಯಾನ್, ನಿಂತಿದ್ದರೂ ಅದನ್ನು ಮುಟ್ಟಬಾರದು. ಸಣ್ಣ ವಿಮಾನದ ಎಂಜಿನ್ ಕಿಡಿ ಹಾರಿಸಲು ಮ್ಯಾಗ್ನೆಟೊ ಬಳಸುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಸ್ವಿಚ್ ಆನ್ ಉಳಿದಿದ್ದರೆ, ಫ್ಯಾನನ್ನು ಕೈಯಿಂದ ಸ್ವಲ್ಪ ತಿರುಗಿಸಿದರೂ ಎಂಜಿನ್ ಒಂದು ಏಟು ಹೊಡೆಯಬಹುದು. ಆ ಒಂದು ಏಟು ಕೈ ತೆಗೆದುಕೊಂಡು ಹೋಗಲು ಸಾಕು. ಹ್ಯಾಂಗರಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು.

ಇಂಧನ ರೆಕ್ಕೆಯೊಳಗಿರುತ್ತದೆ, ಪೆಟ್ರೋಲಿನ ಜಾತಿಯದು. ಮಗುಚಿದ ವಿಮಾನದಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಬೀಡಿ ಹಚ್ಚಿದವರನ್ನು ಬೈದು ದೂರ ಕಳಿಸಿ. ಒಳಗಿನವರು ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದರೆ ಸುಮ್ನೆ ಬೆಲ್ಟ್ ಬಿಚ್ಚಬೇಡಿ. ಕತ್ತಿನ ಮೇಲೆ ಬೀಳುತ್ತಾರೆ. ಒಬ್ಬರು ಭುಜಕ್ಕೆ, ಸೊಂಟಕ್ಕೆ ಆಸರೆ ಕೊಟ್ಟು ಎತ್ತಿ ಹಿಡಿಯಲಿ, ಇನ್ನೊಬ್ಬರು ಬಿಚ್ಚಲಿ. ಬೆಂಕಿ ಕಂಡರೆ ಮಾತ್ರ ಯಾವ ಲೆಕ್ಕವೂ ಬೇಡ, ಎಳೆದು ಹೊರಗೆ ತನ್ನಿ.

ಜನರನ್ನು ಉಳಿಸಲು ಏನು ಬೇಕಾದರೂ ಮುರಿಯಿರಿ. ಅದು ಮುಗಿದ ಮೇಲೆ ಒಂದು ಮೊಳೆಯನ್ನೂ ಮುಟ್ಟಬೇಡಿ. ತನಿಖೆಯವರು ಬರುವವರೆಗೆ ಅವಶೇಷ ಇದ್ದಲ್ಲೇ ಇರಬೇಕು, ಅದು ಕಾನೂನು. ಮನೆಗೆ ನೆನಪಿಗೆ ಅಂತ ಒಂದು ತುಂಡು ಒಯ್ದ ಹುಡುಗನಿಂದ ತನಿಖೆಯೇ ದಾರಿ ತಪ್ಪಬಹುದು.

ಬೆಳೆಯ ವಿಷಯ. ವಿಮಾನದ ಮಾಲೀಕರ ವಿಮೆಯಲ್ಲಿ ಸಾಮಾನ್ಯವಾಗಿ ಮೂರನೆಯವರಿಗಾದ ನಷ್ಟದ ಭಾಗವೂ ಇರುತ್ತದೆ, ಲಾರಿ ವಿಮೆಯಲ್ಲಿ ಇರುವಂತೆಯೇ. ಹಾಗಾಗಿ ಕೇಳಬೇಕಾದದ್ದು ಮಾಲೀಕರನ್ನು. ಅದೇ ದಿನ ಹೊಲದ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಪೊಲೀಸರ ಪಂಚನಾಮೆಯಲ್ಲಿ ಸರ್ವೆ ನಂಬರ್, ಬೆಳೆ, ಎಷ್ಟು ಗುಂಟೆ ಹಾಳು ಅಂತ ಬರೆಸಿ, ಗ್ರಾಮ ಆಡಳಿತಾಧಿಕಾರಿಯಿಂದಲೂ ಒಂದು ವರದಿ ಮಾಡಿಸಿ. ಇನ್ನೊಂದು ಮಾತು. ಸಣ್ಣ ವಿಮಾನ ಹಾಳು ಮಾಡುವುದು ಒಂದು ಪಟ್ಟಿ ಉದ್ದದ ತೊಗರಿಯನ್ನು. ಮೂರು ಊರಿನ ಜನ ಸೆಲ್ಫಿಗೆ ಬಂದು ತುಳಿಯುವುದು ಇಡೀ ಹೊಲವನ್ನು. ಆ ನಷ್ಟಕ್ಕೆ ಯಾವ ವಿಮೆಯೂ ಬರುವುದಿಲ್ಲ. ಬದುವಿನ ಮೇಲೆ ನಾಲ್ಕು ಜನರನ್ನು ನಿಲ್ಲಿಸಿ, ತಡೆಯಿರಿ.

ಪ್ರಶ್ನೆ: ಯಾದಗಿರಿಯ ಪಿಯು ವಿದ್ಯಾರ್ಥಿ ನಾನು. ಬೆಂಗಳೂರಿಗೆ ಹೋದಾಗ ನಮ್ಮ ವಿಮಾನ ರನ್‌ವೇ ಹತ್ತಿರ ಬಂದು ಮತ್ತೆ ಮೇಲೆ ಹೋಯಿತು. ಎಲ್ಲರೂ ಹೆದರಿದರು. ಪೈಲಟ್ ತಪ್ಪು ಮಾಡಿದ್ದರಾ?

ಉತ್ತರ: ಇಲ್ಲ ತಮ್ಮಾ, ಸರಿ ಮಾಡಿದರು. ಅದಕ್ಕೆ ಗೋ ಅರೌಂಡ್ ಅಂತಾರೆ. ವೇಗ ಸರಿ ಇಲ್ಲ, ಎತ್ತರ ಸರಿ ಇಲ್ಲ, ಮುಂದೆ ಇನ್ನೊಂದು ವಿಮಾನ ಇನ್ನೂ ಜಾಗ ಬಿಟ್ಟಿಲ್ಲ, ಏನೇ ಇರಲಿ, ಪೂರ್ತಿ ಪವರ್ ಕೊಟ್ಟು ಎದ್ದು ಒಂದು ಸುತ್ತು ಹಾಕಿ ಬರುವುದು. ಹತ್ತು ನಿಮಿಷ ತಡ, ಒಂದಷ್ಟು ಇಂಧನ ಖರ್ಚು.

ಹಾಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದು ಕರ್ನಾಟಕದವರಿಗೆ ಗೊತ್ತಿದೆ. 2010ರ ಮೇ 22, ಮಂಗಳೂರು. ವಿಮಾನ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬರುತ್ತಿತ್ತು. ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಅಂದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ಮುಟ್ಟಿತು. 158 ಜನ ಹೋದರು, ಎಂಟು ಜನ ಉಳಿದರು. ಮೇಲಿನ ಟೀಚರ್ ಬರೆದ ಸಣ್ಣ ವಿಮಾನಕ್ಕೂ ಪುಟಿದ ಕ್ಷಣದಲ್ಲಿ ಈ ದಾರಿ ತೆರೆದೇ ಇತ್ತು. ಪವರ್ ಕೊಟ್ಟು ಎದ್ದಿದ್ದರೆ ಆಗುತ್ತಿತ್ತು. ಆದರೆ ನೆಲ ಸಿಕ್ಕಿತು ಅಂತ ಕೈ ತಡೆಯುತ್ತದೆ. ಅದನ್ನು ಮುರಿಯಲೆಂದೇ ಶಾಲೆಯಲ್ಲಿ ಹುಡುಗರಿಂದ ಇಳಿ, ಏಳು, ಇಳಿ, ಏಳು ಅಂತ ಮಾಡಿಸುತ್ತಾರೆ. ಮುಂದಿನ ಸಲ ಹಾಗಾದರೆ ಚಪ್ಪಾಳೆ ಹೊಡಿ.

ಪ್ರಶ್ನೆ: ಬೀದರ್‌ನಲ್ಲಿ ಬೆಳಗಾದರೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳ ಸದ್ದು. ಅವುಗಳಿಗೆ ಹೀಗೆ ಪಟ್ಟಿ ಬಿಟ್ಟು ಹೋದರೆ ಗತಿ ಏನು?

ಉತ್ತರ: ವಾಯುಪಡೆಯ ರನ್‌ವೇ ತುದಿಯಲ್ಲಿ ನೈಲಾನ್ ಬಲೆ ಇರುತ್ತದೆ. ನಿಲ್ಲದ ವಿಮಾನವನ್ನು ಹಿಡಿದು ನಿಲ್ಲಿಸಲು. ಕ್ರ್ಯಾಶ್ ಟೆಂಡರ್, ಅಂದರೆ ಬೆಂಕಿ ಆರಿಸುವ ಗಾಡಿ, ಎಂಜಿನ್ ಚಾಲೂ ಮಾಡಿಕೊಂಡೇ ಕಾಯುತ್ತಿರುತ್ತದೆ. ಅವರ ತನಿಖೆಯನ್ನು ಎಎಐಬಿ ಮಾಡುವುದಿಲ್ಲ, ವಾಯುಪಡೆಯದೇ ಕೋರ್ಟ್ ಆಫ್ ಎನ್‌ಕ್ವಯರಿ ಇದೆ. ಇದಕ್ಕಿಂತ ಜಾಸ್ತಿ ನನ್ನ ಬಾಯಿ ಬಿಡಿಸಬೇಡಿ, ಪಿಂಚಣಿ ಅಲ್ಲಿಂದಲೇ ಬರುತ್ತದೆ!

ಪ್ರಶ್ನೆ: ಕಲಬುರಗಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಮೂಗು ಕುಟ್ಟಿದ ಸಣ್ಣ ವಿಮಾನಕ್ಕೆ ಹೊಸ ಫ್ಯಾನ್ ಹಾಕಿದರೆ ಮತ್ತೆ ಹಾರುತ್ತದಾ? ಕಾರಿನಂತೆ ರಿಪೇರಿ ಮಾಡಬಹುದಾ?

ಉತ್ತರ: ನಿಮ್ಮಂಥವರ ಪ್ರಶ್ನೆಗೆ ಉತ್ತರ ಬರೆಯುವುದೇ ಒಂದು ಖುಷಿ. ಫ್ಯಾನ್ ಬದಲಿಸಿದರೆ ಸಾಲದು. ಸೆಸ್ನಾದಂಥ ಸಣ್ಣ ವಿಮಾನದಲ್ಲಿ ಪ್ರೊಪೆಲ್ಲರನ್ನು ನೇರ ಎಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕ್‌ಶಾಫ್ಟಿಗೇ ಬೋಲ್ಟ್ ಮಾಡಿರುತ್ತಾರೆ. ನಡುವೆ ಕ್ಲಚ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಫ್ಯಾನ್ ನೆಲಕ್ಕೆ ಬಡಿದು ಗಕ್ಕನೆ ನಿಂತರೆ ಆ ಏಟೆಲ್ಲ ಕ್ರ್ಯಾಂಕಿಗೆ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ಟಾರ್ಟ್ ಮಾಡಿದರೆ ಚೆನ್ನಾಗೇ ಓಡುತ್ತದೆ. ಮುಂದೆ ಯಾವತ್ತೋ ಒಂದು ದಿನ, ಟೇಕಾಫ್ ಆಗುವಾಗ, ಕೂದಲೆಳೆಯ ಬಿರುಕು ಬಾಯಿ ಬಿಡುತ್ತದೆ.

ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿ ಎಚ್‌ಪಿಟಿ-32 ತರಬೇತಿ ವಿಮಾನಗಳಿದ್ದ ಕಾಲದಲ್ಲಿ ನಾನು ಲೈಕಮಿಂಗ್ ಎಂಜಿನ್ ಮೇಲೆ ಕೆಲಸ ಮಾಡಿದವನು. ಸೆಸ್ನಾ 172ರ ಈಗಿನ ಮಾದರಿಗೂ ಲೈಕಮಿಂಗೇ. ಫ್ಯಾನ್ ನೆಲಕ್ಕೆ ತಾಗಿದ್ದರೆ ಎಂಜಿನ್ ಇಳಿಸಿ, ಬಿಚ್ಚಿ ನೋಡಿ ಅನ್ನುವುದು ತಯಾರಕರ ಸೂಚನೆ. ಎಂಜಿನ್ ನಿಲ್ಲದೆ ಓಡುತ್ತಲೇ ಇದ್ದರೂ ಅಷ್ಟೇ. ಕ್ರ್ಯಾಂಕ್‌ಶಾಫ್ಟಿನ ಮುಂದಿನ ಫ್ಲ್ಯಾಂಜಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ ಓಲಾಟ ನೋಡಬೇಕು. ಆಮೇಲೆ ಕ್ರ್ಯಾಂಕಿಗೆ ಅಯಸ್ಕಾಂತದ ಪರೀಕ್ಷೆ. ಕಬ್ಬಿಣದ ಸಣ್ಣ ಪುಡಿಯ ದ್ರವ ಹಾಕಿದರೆ ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ಕೂರುತ್ತದೆ. ಕ್ರ್ಯಾಂಕಿನ ಹಿಂತುದಿಯ ಗೇರ್, ಅದರ ಬೋಲ್ಟ್, ಪಿನ್ನು ಎಲ್ಲ ತೆಗೆದು ನೋಡಬೇಕು. ಬಗ್ಗಿದ ಫ್ಯಾನನ್ನು ಎಸೆಯುವ ಮೊದಲು ನಾವು ಒಮ್ಮೆ ನೋಡುತ್ತಿದ್ದೆವು. ತುದಿ ಮುಂದಕ್ಕೆ ಬಾಗಿದ್ದರೆ ಸಾಮಾನ್ಯವಾಗಿ ಬಡಿಯುವಾಗ ಎಂಜಿನ್ ಜೋರಾಗಿ ಎಳೆಯುತ್ತಿತ್ತು ಅಂತ, ಹಿಂದಕ್ಕೆ ಮಡಚಿದ್ದರೆ ಪವರ್ ಇರಲಿಲ್ಲ ಅಂತ.

ಮೂಗಿನ ಕಾಲು ಮುರಿದಿದ್ದರೆ ಅದರ ಹಿಂದಿನ ಗೋಡೆ, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು, ಸುಕ್ಕಾಗಿರುತ್ತದೆ. ನಮ್ಮ ಕಾರುಗಳಿಗೆ ಮಾಡುವ ಹಾಗೆ ಬಡಿದು, ಪುಟ್ಟಿ ಹಚ್ಚಿ, ಬಣ್ಣ ಹೊಡೆಯುವ ಕೆಲಸ ಇಲ್ಲಿ ನಡೆಯುವುದಿಲ್ಲ. ತಗಡು ಬಿಚ್ಚಿ ಹೊಸದು ಹಾಕಿ ರಿವೆಟ್ ಹೊಡೆಯಬೇಕು. ಪ್ರತಿ ಕೆಲಸಕ್ಕೂ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೇಕು, ಕೊನೆಗೆ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆಯ ನಿಯಮದ ಪ್ರಕಾರ ಹಾರಾಟಕ್ಕೆ ಬಿಡಬೇಕು. ಮಗುಚಿದ ವಿಮಾನವಾದರೆ ರೆಕ್ಕೆಯ ಬೇರು, ಬಾಲ, ಚಾವಣಿ ಎಲ್ಲ ತಿರುಚಿರುತ್ತವೆ. ಲೆಕ್ಕ ಹಾಕಿದರೆ ಬಹಳ ಸಲ ರಿಪೇರಿ ಖರ್ಚು ವಿಮಾನದ ಬೆಲೆಯನ್ನೇ ದಾಟುತ್ತದೆ. ಆಗ ವಿಮೆಯವರು ದುಡ್ಡು ಕೊಟ್ಟು ಅವಶೇಷವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಬಿಡಿಭಾಗಗಳು ಪರೀಕ್ಷೆಯಾಗಿ, ಕಾಗದಪತ್ರದ ಸಮೇತ ಬೇರೆ ವಿಮಾನಕ್ಕೆ ಹೋಗುತ್ತವೆ. ಕಾಗದ ಇಲ್ಲದ ಬಿಡಿಭಾಗ ಎಷ್ಟೇ ಹೊಳೆಯುತ್ತಿದ್ದರೂ ಗುಜರಿಗೇ. ನಿಮ್ಮ ಗ್ಯಾರೇಜಿಗೆ ಯಾರಾದರೂ ಅಂಥದ್ದನ್ನು ಅಗ್ಗಕ್ಕೆ ತಂದರೆ ಗೋಡೆಗೆ ನೇತುಹಾಕಲು ಬೇಕಾದರೆ ತೆಗೆದುಕೊಳ್ಳಿ.